ಮೊಣಕಾಲಿನ ಮೃದ್ವಸ್ಥಿ ಸೀಳಿದಾಗ: ನಿದಾನದ ಲಕ್ಷಣಗಳು

ತಮಿಳರು ಸಡುಗುಡುವೆಂದು ಕರೆಯುವ ಕಬಡ್ಡಿಯಲ್ಲಿ ಆಟಗಾರನು ಬಾಗಿದ ಕಾಲಿನ ಮೇಲೆ ಮೈಭಾರವನ್ನೂರಿ ಥಟ್ಟನೆ ತಿರುಗುತ್ತಾನೆ. ಪಾದ ನೆಲದಲ್ಲಿ ನಿಂತು ತೊಡೆ ಮಾತ್ರ ಹೊರಳಿದರೆ ಮೊಣಕಾಲಿನೊಳಗೆ ಪೆಟ್ಟಾಗುವುದುಂಟು. ಇದನ್ನು ಬರಿಯ ಉಳುಕೆಂದು ಬಗೆದು ಎಣ್ಣೆ ತಿಕ್ಕಿಸುವವರೂ, ಆಂಧ್ರದ ಪುತ್ತೂರಿನ ಹೆಸರಿನಲ್ಲಿ ಪ್ರಸಿದ್ಧವಾದ ಕಟ್ಟನ್ನು ಕಟ್ಟಿಸುವವರೂ ಚೆನ್ನೈಯಲ್ಲಿ ಇದ್ದಾರೆ. ನೇರವಾಗಿ ಎಂ.ಆರ್.ಐ. ಚಿತ್ರ ತೆಗೆಸುವವರೂ ಇದ್ದಾರೆ. ಈ ಎರಡಕ್ಕೂ ಮೊದಲು ನಡೆಯಬೇಕಾದುದು ಕೈಯಿಂದ ಮಾಡುವ ಪರೀಕ್ಷೆ.

ತೊಡೆಯೆಲುಬಿಗೂ ಅದರ ಕೆಳಗಿನ ಕಾಲೆಲುಬಿಗೂ ನಡುವೆ ಮೃದ್ವಸ್ಥಿಯ ಎರಡು ಮೆತ್ತೆಗಳಿವೆ. ಇವುಗಳಿಗೆ ಮೆನಿಸ್ಕಸ್ ಎಂದು ಹೆಸರು. ಮೂಲವಾದ ಗ್ರೀಕ್ ಪದಕ್ಕೆ ಬಾಲಚಂದ್ರನೆಂದು ಅರ್ಥ. ಒಳಬದಿಯ ಮೆತ್ತೆ ಹೆಚ್ಚು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಸೀಳುವ ಸಂಭವವೂ ಅದಕ್ಕೇ ಅಧಿಕ. ಹೊರ ಅಂಚಿಗೆ ಮಾತ್ರ ರಕ್ತಸಂಚಾರವಿರುವುದರಿಂದ ಒಳಭಾಗದ ಸೀಳು ತಾನಾಗಿ ಕೂಡುವುದು ದುರ್ಲಭ.

ನಿದಾನವು ರೋಗಿಯ ಮಾತಿನಿಂದಲೇ ಆರಂಭವಾಗುತ್ತದೆ. ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿದರೆ ಕೀಲಿನ ಬಂಧನಿ ಹರಿದು ರಕ್ತ ತುಂಬಿರಬಹುದು. ಮರುದಿನದ ಹೊತ್ತಿಗೆ ಮೆಲ್ಲನೆ ಬರುವ ಊತ ಮೆತ್ತೆಯ ಸೀಳನ್ನು ಸೂಚಿಸುತ್ತದೆ. ಕಾಲನ್ನು ಪೂರ್ತಿ ನೀಡಲಾಗದೆ ಕೀಲು ಸಿಕ್ಕಿಕೊಳ್ಳುವುದು ಮತ್ತೊಂದು ಮುಖ್ಯ ಚಿಹ್ನೆ.

ಅನಂತರ ವೈದ್ಯರು ಮೊಣಕಾಲನ್ನು ಬಾಗಿಸಿ ಎರಡು ಎಲುಬುಗಳ ಸಂಧಿರೇಖೆಯ ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡುತ್ತಾರೆ. ನೋವು ಒಂದೇ ಕಡೆ ನೆಲೆಸಿದ್ದರೆ ಆ ಬದಿಯ ಮೆತ್ತೆಯ ಮೇಲೆ ಸಂದೇಹ ಬರುತ್ತದೆ.

ಲಿವರ್‌ಪೂಲಿನ ಟಿ. ಪಿ. ಮೆಕ್‌ಮರ್ರೆಯವರು 1928ರಲ್ಲಿ ತಿಳಿಸಿದ ವಿಧಾನದಲ್ಲಿ ರೋಗಿ ಅಂಗಾತ ಮಲಗಿರುತ್ತಾನೆ. ಮೊಣಕಾಲನ್ನು ಪೂರ್ತಿ ಮಡಿಸಿ, ಪಾದವನ್ನು ಹೊರಕ್ಕೆ ತಿರುಗಿಸಿ, ಕಾಲನ್ನು ಮೆಲ್ಲನೆ ನೀಡಿದಾಗ ನೋವಿನೊಡನೆ ‘ಟಕ್’ ಎಂಬ ಸ್ಪರ್ಶ ಕೈಗೆ ತಿಳಿದರೆ ಒಳಮೆತ್ತೆ ಸೀಳಿರಬಹುದು. ಹೊರಮೆತ್ತೆಗೆ ಪಾದವನ್ನು ಒಳಕ್ಕೆ ತಿರುಗಿಸಬೇಕು. ಈ ಚಿಹ್ನೆ ಕಂಡರೆ ಬೆಲೆಯುಂಟು, ಕಾಣದಿದ್ದಮಾತ್ರಕ್ಕೆ ಸೀಳಿಲ್ಲವೆನ್ನಲಾಗದು. 1947ರಲ್ಲಿ ಎ. ಜಿ. ಆಪ್ಲಿಯವರು ರೋಗಿಯನ್ನು ಬೋರಲು ಮಲಗಿಸುವ ಕ್ರಮವನ್ನು ಪ್ರಕಟಿಸಿದರು. ಮೊಣಕಾಲನ್ನು ಲಂಬಕೋನಕ್ಕೆ ಮಡಿಸಿ ಪಾದವನ್ನು ಕೆಳಕ್ಕೊತ್ತಿ ತಿರುಗಿಸಿದಾಗ ನೋವಾದರೆ ಮೆತ್ತೆಯ ದೋಷ. ಮೇಲಕ್ಕೆಳೆದು ತಿರುಗಿಸಿದಾಗ ನೋವಾದರೆ ಬಂಧನಿಯ ದೋಷ. 2005ರಲ್ಲಿ ಗ್ರೀಸಿನ ವೈದ್ಯರು ರೋಗಿಯನ್ನು ಒಂಟಿಕಾಲಿನಲ್ಲಿ, ಮೊಣಕಾಲನ್ನು 20 ಡಿಗ್ರಿ ಬಾಗಿಸಿ ನಿಲ್ಲಿಸಿ ಮೈಯನ್ನು ತಿರುಗಿಸುವ ‘ಥೆಸಲಿ’ ಪರೀಕ್ಷೆಯನ್ನು ವರದಿ ಮಾಡಿದರು. ಅವರು ಹೇಳಿದಷ್ಟು ನಿಖರತೆ ಅನಂತರದ ಅಧ್ಯಯನಗಳಲ್ಲಿ ಕಂಡುಬರಲಿಲ್ಲ. ಆದುದರಿಂದ ಯಾವ ಒಂದು ಚಿಹ್ನೆಯೂ ತಾನೇ ತೀರ್ಪಲ್ಲ; ರೋಗಿಯ ವೃತ್ತಾಂತವೂ ಹಲವು ಚಿಹ್ನೆಗಳೂ ಒಂದೇ ಕಡೆಗೆ ಬೆರಳು ತೋರಬೇಕು.

ಹಾಗಾದರೆ ಚಿತ್ರವೇ ಸಾಲದೆ ಎಂಬ ಪ್ರಶ್ನೆ ಸಹಜ. ಅಮೆರಿಕದ ಫ್ರೇಮಿಂಗ್‌ಹ್ಯಾಮಿನಲ್ಲಿ 50ರಿಂದ 90 ವರ್ಷದ 991 ಮಂದಿಯ ಮೊಣಕಾಲುಗಳ ಎಂ.ಆರ್.ಐ. ಪರೀಕ್ಷೆಯ ಫಲ 2008ರಲ್ಲಿ ಪ್ರಕಟವಾಯಿತು. ಸೀಳು ಕಂಡವರಲ್ಲಿ ಶೇಕಡಾ 61 ಮಂದಿಗೆ ಹಿಂದಿನ ತಿಂಗಳಲ್ಲಿ ಮೊಣಕಾಲಿನ ನೋವೇ ಇರಲಿಲ್ಲ. ನಡುವಯಸ್ಸು ದಾಟಿದವರಲ್ಲಿ ಇಂಥ ಸೀಳು ಸವೆತದ ಗುರುತಾಗಿಯೂ ಇರಬಹುದು. ಸವೆತದ ಸೀಳಿಗೆ ಮಾಡಿದ ಶಸ್ತ್ರಚಿಕಿತ್ಸೆಯಿಂದ ಹುಸಿ ಶಸ್ತ್ರಚಿಕಿತ್ಸೆಗಿಂತ ಹೆಚ್ಚಿನ ಉಪಶಮನ ಸಿಗಲಿಲ್ಲವೆಂದು 2013ರ ಫಿನ್ಲೆಂಡಿನ ಅಧ್ಯಯನ ತೋರಿಸಿತು.

ಹಿಂದೆ ಸೀಳಿದ ಮೆತ್ತೆಯನ್ನು ಪೂರ್ತಿಯಾಗಿ ತೆಗೆದುಹಾಕುತ್ತಿದ್ದರು. ಹಾಗೆ ತೆಗೆದ ಕೀಲುಗಳಲ್ಲಿ ಕಾಲಕ್ರಮದಲ್ಲಿ ಕಾಣುವ ಮಾರ್ಪಾಡುಗಳನ್ನು ಫೇರ್‌ಬ್ಯಾಂಕರು 1948ರಲ್ಲಿ ತೋರಿಸಿದರು. ಸಾಧ್ಯವಾದಷ್ಟು ಮೆತ್ತೆಯನ್ನು ಉಳಿಸಬೇಕೆಂಬುದು ಈಗಿನ ಮತ. ಹೀಗಿರುವಾಗ, ಕೀಲು ಸಿಕ್ಕಿಕೊಂಡ ತರುಣನು ಕಟ್ಟಿನಡಿಯಲ್ಲಿ ವಾರಗಳನ್ನು ಕಳೆದರೆ ಹೊಲಿದು ಉಳಿಸಬಹುದಾದ ಮೆತ್ತೆ ಕೈತಪ್ಪಬಹುದು. ಅರುವತ್ತರ ಹಿರಿಯರು ಚಿತ್ರವೊಂದನ್ನೇ ನಂಬಿದರೆ ಬೇಡದ ಶಸ್ತ್ರಚಿಕಿತ್ಸೆಗೆ ಒಳಗಾಗಬಹುದು. ತಾಳ್ಮೆಯಿಂದ ಪರೀಕ್ಷಿಸುವ ಕೈ ಇಬ್ಬರಿಗೂ ಬೇಕು.