ಸಿಂಹಾಸನದ ಕಥೆಯ ಮೊದಲ ಕಂತುಗಳು

ಸಂಜೆಯ ವೇಳೆ ನಮ್ಮ ವಾಚನಾಲಯಕ್ಕೆ ಬರುವ ಕಾಲೇಜು ಹುಡುಗರು ಕೆಲವರು ಈಚೆಗೆ ಒಂದು ಪ್ರಶ್ನೆಯನ್ನು ಮುಂದಿಟ್ಟರು. ‘ಗೇಮ್ ಆಫ್ ಥ್ರೋನ್ಸ್’ ಎಂಬ ಇಂಗ್ಲಿಷ್ ಧಾರಾವಾಹಿಯ ಮೊದಲನೆಯ ಸೀಸನ್ನನ್ನು ಅವರು ಪೂರ್ತಿ ನೋಡಿದ್ದಾರೆ. ಹೆಸರು ಸಿಂಹಾಸನದ ಹೋರಾಟವೆಂದು. ಆದರೆ ಹತ್ತು ಕಂತುಗಳು ಮುಗಿದರೂ ಕಣ್ಣು ತುಂಬುವಂಥ ಒಂದು ಮಹಾಯುದ್ಧವಿಲ್ಲ. ಇದೇಕೆ ಹೀಗೆ ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರ ದೂರದಲ್ಲಿಲ್ಲ, ನಮ್ಮ ಮನೆಯ ಕಥೆಯಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಅದನ್ನು ತಿಳಿದ ಮಟ್ಟಿಗೆ ಇಲ್ಲಿ ವಿವರಿಸುತ್ತೇವೆ.

ಹೊಸ ವರ್ಷದ ಖಾತೆ ಪುಸ್ತಕವನ್ನು ತೆರೆದಾಗ ಗುಮಾಸ್ತನು ಮೊದಲು ಬರೆಯುವುದು ಆ ದಿನದ ವ್ಯಾಪಾರವನ್ನಲ್ಲ. ಹಿಂದಿನ ವರ್ಷದ ಶಿಲ್ಕನ್ನು. ಯಾರು ಯಾರಿಗೆ ಎಷ್ಟು ಕೊಡತಕ್ಕದ್ದು ಎಂಬುದು ಮೊದಲ ಪುಟದಲ್ಲಿ ಬಾರದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪು. ರಾಜವಂಶಗಳ ದೊಡ್ಡ ಕಥೆಯೂ ಹಾಗೆಯೇ. ಯುದ್ಧವೆಂಬುದು ಲೆಕ್ಕ ತೀರುವ ದಿನ. ಅದಕ್ಕೆ ಮುಂಚೆ ಸಾಲ ಹುಟ್ಟಿದ್ದು ಹೇಗೆಂದು ನೋಡುವವನಿಗೆ ತಿಳಿದಿರಬೇಕು.

ಬಿ. ಆರ್. ಚೋಪ್ರಾ ಅವರು ನಿರ್ಮಿಸಿದ ಹಿಂದಿ ‘ಮಹಾಭಾರತ’ವು ದೂರದರ್ಶನದಲ್ಲಿ ಆರಂಭವಾದದ್ದು 1988ರ ಅಕ್ಟೋಬರ್ 2ರ ಭಾನುವಾರ. 94 ಕಂತುಗಳಾಗಿ ಅದು 1990ರವರೆಗೆ ನಡೆಯಿತು. ಸಂಭಾಷಣೆ ಬರೆದವರು ಗಾಜೀಪುರದಲ್ಲಿ ಹುಟ್ಟಿದ ಕಾದಂಬರಿಕಾರ ರಾಹಿ ಮಾಸೂಮ್ ರಜಾ. ಆ ಭಾನುವಾರಗಳಂದು ಬೆಳಗ್ಗೆ ಬೀದಿಗಳು ಬರಿದಾಗುತ್ತಿದ್ದುವೆಂದೂ, ಟಿ. ವಿ. ಇದ್ದ ಮನೆಯಲ್ಲಿ ನೆರೆಹೊರೆಯವರೆಲ್ಲ ಕೂಡುತ್ತಿದ್ದರೆಂದೂ ನಮ್ಮ ಹಿರಿಯರು ಈಗಲೂ ಹೇಳುತ್ತಾರೆ.

ಆ ಧಾರಾವಾಹಿ ಪಾಂಡವರಿಂದ ಆರಂಭವಾಗಲಿಲ್ಲ, ಕೃಷ್ಣನಿಂದಲೂ ಅಲ್ಲ. ಮೊದಲನೆಯ ಕಂತಿನಲ್ಲಿಯೇ ಭರತ ಚಕ್ರವರ್ತಿಯು ತನ್ನ ಮಕ್ಕಳಲ್ಲಿ ಯಾರೂ ರಾಜ್ಯಕ್ಕೆ ಯೋಗ್ಯರಲ್ಲವೆಂದು ಬಗೆದು, ಭರದ್ವಾಜನ ಮಗನಾದ ಭುಮನ್ಯುವನ್ನು ಯುವರಾಜನೆಂದು ಸಾರುತ್ತಾನೆ. ಸಿಂಹಾಸನಕ್ಕೆ ಯೋಗ್ಯತೆ ಮುಖ್ಯವೋ ಜನ್ಮ ಮುಖ್ಯವೋ ಎಂಬ ಪ್ರಶ್ನೆ ಹೀಗೆ ಮೊದಲ ದಿನವೇ ನೋಡುವವರ ಮುಂದೆ ಬಂದಿತು. ಅನಂತರ ಶಂತನುವಿನ ಕಥೆ. ಸತ್ಯವತಿಯ ಮಗನಿಗೇ ಪಟ್ಟವಾಗಬೇಕೆಂದು ಆಕೆಯ ತಂದೆ ಕೇಳುತ್ತಾನೆ. ಯೋಗ್ಯನಾದ ದೇವವ್ರತನು ತಂದೆಯ ಸುಖಕ್ಕಾಗಿ ರಾಜ್ಯವನ್ನೂ ಸಂಸಾರವನ್ನೂ ಬಿಟ್ಟು ಭೀಷ್ಮನಾಗುತ್ತಾನೆ. ಇನ್ನೂ ಹುಟ್ಟದ ಮಗನಿಗೆ ಪಟ್ಟ ಗೊತ್ತಾಯಿತು, ಎದುರಿಗಿದ್ದ ಯೋಗ್ಯನಿಗೆ ತಪ್ಪಿತು. ಭರತನು ಹಾಕಿದ ಪಂಕ್ತಿ ಅಲ್ಲಿ ಮುರಿಯಿತು. ಮುಂದೆ ಕುರುಕ್ಷೇತ್ರದಲ್ಲಿ ತೀರಿದ ಸಾಲ ಇದೇ. ಈ ಕಂತುಗಳನ್ನು ಬಿಟ್ಟು ನೇರವಾಗಿ ಯುದ್ಧವನ್ನು ನೋಡಿದವನಿಗೆ ಬಾಣಗಳು ಕಂಡಾವು, ಕಾರಣ ಕಾಣದು.

ಕಥೆ ಹೇಳುವವನು ಯಾರೆಂಬುದೂ ಇಲ್ಲಿ ಗಮನಿಸತಕ್ಕ ವಿಷಯ. ಮೂಲದಲ್ಲಿ ಜನಮೇಜಯನ ಸರ್ಪಯಾಗದಲ್ಲಿ ವೈಶಂಪಾಯನನು ಕಥೆ ಹೇಳುತ್ತಾನೆ. ಧಾರಾವಾಹಿಯಲ್ಲಿ ಹೇಳುವವನು ‘ಸಮಯ’, ಅಂದರೆ ಕಾಲಪುರುಷ. ಅವನಿಗೆ ರೂಪವಿಲ್ಲ, ತಿರುಗುವ ಚಕ್ರವೊಂದು ಕಾಣುತ್ತದೆ, ಹರೀಶ್ ಭಿಮಾನಿಯವರ ಧ್ವನಿ ಕೇಳುತ್ತದೆ. ಯಾರ ಪಕ್ಷವನ್ನೂ ಹಿಡಿಯದೆ ಲೆಕ್ಕ ಓದುವವನೊಬ್ಬನು ಬೇಕಾಗಿದ್ದನು. ಕಾಲಕ್ಕಿಂತ ತಕ್ಕವರು ಯಾರು?

ಈಗ ಹುಡುಗರ ಪ್ರಶ್ನೆಗೆ ಬರೋಣ. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಅಮೆರಿಕದ ಲೇಖಕರು 1996ರಲ್ಲಿ ಪ್ರಕಟಿಸಿದ ಕಾದಂಬರಿಯೇ ಆ ಮೊದಲ ಸೀಸನ್ನಿಗೆ ಆಧಾರ. ಅದರ ಪ್ರಸಾರ ಆರಂಭವಾದದ್ದು 2011ರ ಏಪ್ರಿಲ್ 17ರಂದು. ಚಿತ್ರೀಕರಣವು ಬಹುಮಟ್ಟಿಗೆ ಉತ್ತರ ಐರ್ಲೆಂಡ್ ಮತ್ತು ಮಾಲ್ಟಾದಲ್ಲಿ ನಡೆಯಿತು. ಮೊದಲು ಪ್ರಯೋಗಕ್ಕೆಂದು ತೆಗೆದ ಕಂತು ತೃಪ್ತಿಕರವಾಗಿರದೆ ಅದರ ಹೆಚ್ಚಿನ ಭಾಗವನ್ನು ಮತ್ತೆ ಚಿತ್ರಿಸಬೇಕಾಯಿತು. ಅಲ್ಲಿಯೂ ಕಥೆ ಹಳೆಯ ಬಾಕಿಯಿಂದಲೇ ಹೊರಡುತ್ತದೆ. ಹಿಂದೊಮ್ಮೆ ದಂಗೆಯೆದ್ದು ಸಿಂಹಾಸನ ಪಡೆದ ರಾಜನೊಬ್ಬನಿದ್ದಾನೆ. ಅವನ ಮಕ್ಕಳೆನಿಸಿಕೊಂಡವರು ನಿಜವಾಗಿ ಅವನ ಮಕ್ಕಳೇ ಎಂಬ ಸಂಶಯವನ್ನು ಮಂತ್ರಿಯಾದ ನೆಡ್ ಸ್ಟಾರ್ಕ್ ಬಿಡಿಸುತ್ತಾನೆ. ಆ ಸತ್ಯವೇ ಅವನಿಗೆ ಮೃತ್ಯುವಾಗಿ, ಒಂಬತ್ತನೆಯ ಕಂತಿನಲ್ಲಿ ಅವನ ತಲೆ ಹೋಗುತ್ತದೆ. ಹಣವೂ ಸಮಯವೂ ಸಾಲದೆ ದೊಡ್ಡ ಕಾಳಗವೊಂದನ್ನು ತೋರಿಸದೆ ಬಿಟ್ಟರು. ಪಾತ್ರಧಾರಿಯೊಬ್ಬನು ಪೆಟ್ಟು ತಿಂದು ಮೂರ್ಛೆ ಹೋಗಿ, ಎದ್ದಾಗ ಕಾಳಗ ಮುಗಿದಿರುತ್ತದೆ! ಆದರೂ ಕಥೆ ಕುಂಟಲಿಲ್ಲ. ಸಾಲದ ಲೆಕ್ಕ ಸರಿಯಾಗಿ ಬರೆದಿದ್ದುದೇ ಕಾರಣ. ಅಂದ ಹಾಗೆ, ಅದರಲ್ಲಿ ಕ್ರೌರ್ಯವೂ ನಗ್ನತೆಯೂ ಹೆಚ್ಚು. ಚಿಕ್ಕ ಮಕ್ಕಳು ನೋಡತಕ್ಕದ್ದಲ್ಲ.

ಆರಂಭದ ಶಿಲ್ಕನ್ನು ಎಲ್ಲಿ ಬರೆಯಬೇಕೆಂಬುದು ಹೇಳುವವನ ಕೈಯಲ್ಲಿದೆ ಎಂಬುದಕ್ಕೆ ಒಂದು ಹಳೆಯ ನಿದರ್ಶನ ನಮ್ಮ ಹೈದರಾಬಾದಿನ ಸಮೀಪದಲ್ಲಿಯೇ ಇದೆ. ಇಲ್ಲಿಂದ ಸುಮಾರು 150 ಕಿಲೋಮೀಟರು ದೂರದ ವೇಮುಲವಾಡದಲ್ಲಿ ಚಾಲುಕ್ಯರ ಅರಿಕೇಸರಿಯು ಆಳುತ್ತಿದ್ದನು. ಅವನ ಆಸ್ಥಾನದಲ್ಲಿ ಪಂಪನು ಕ್ರಿ. ಶ. 941ರ ಸುಮಾರಿಗೆ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದನು. ಪಂಪನು ತನ್ನ ರಾಜನನ್ನೇ ಅರ್ಜುನನನ್ನಾಗಿ ಮಾಡಿದನು. ಹಾಗಾಗಿ ಆ ರಾಜನ ವಂಶದ ಕಥೆಯೂ ಕಾವ್ಯದ ಆರಂಭದಲ್ಲಿಯೇ ಬಂದಿದೆ. ಅಲ್ಲಿ ದ್ರೌಪದಿಗೆ ಅರ್ಜುನನೊಬ್ಬನೇ ಪತಿ, ಕೊನೆಯಲ್ಲಿ ಪಟ್ಟವೂ ಅರ್ಜುನನಿಗೇ. ಪಂಪನ ತಮ್ಮ ಜಿನವಲ್ಲಭನ ಶಾಸನ ಕರೀಂನಗರದ ಕಡೆಯ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿಯೂ ಇದೆ. ಕನ್ನಡದ ಈ ಮಹಾಕಾವ್ಯ ಹುಟ್ಟಿದ ನೆಲ ಈಗ ತೆಲಂಗಾಣದಲ್ಲಿದೆ ಎಂಬುದನ್ನು ಇಲ್ಲಿಯ ಕನ್ನಡಿಗರಾದ ನಾವೇ ಎಷ್ಟೋ ವೇಳೆ ಮರೆಯುತ್ತೇವೆ.

ಮರೆತುದರ ಫಲವೂ ಕಾಣುತ್ತಿದೆ. ನಮ್ಮ ಮಕ್ಕಳಿಗೆ ಭೀಷ್ಮನು ಹಿಂದಿಯಲ್ಲಿ ಮಾತನಾಡುತ್ತಾನೆ, ಇಲ್ಲವೆ ತೆಲುಗಿನಲ್ಲಿ. ಕರ್ನಾಟಕದಲ್ಲಿ ಡಬ್ಬಿಂಗಿಗೆ ಬಹುಕಾಲ ತಡೆಯಿತ್ತು. ಕನ್ನಡದ ನಟರ, ತಂತ್ರಜ್ಞರ ಅನ್ನಕ್ಕೆ ಕುತ್ತು ಬರುವುದೆಂಬ ಭಯ ಅದಕ್ಕೆ ಕಾರಣ, ಆ ಭಯವನ್ನು ಸುಳ್ಳೆನ್ನಲಾಗದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆ ಸಲ್ಲದೆಂದು ತೀರ್ಪಿತ್ತಿತು. 2013ರಲ್ಲಿ ಹಿಂದಿಯಲ್ಲಿ ಆರಂಭವಾಗಿದ್ದ ಹೊಸ ‘ಮಹಾಭಾರತ’ವು 2020ರಲ್ಲಿ, ಕೋವಿಡ್ ದಿಗ್ಬಂಧನದ ಕಾಲದಲ್ಲಿ, ಸ್ಟಾರ್ ಸುವರ್ಣ ವಾಹಿನಿಯಲ್ಲಿ ಕನ್ನಡ ಮಾತಿನೊಡನೆ ಬಂದಿತು. ಹಿಂದಿಯ ಹಳೆಯ ಆರಂಭಕ್ಕೂ ಇದಕ್ಕೂ ನಡುವೆ 32 ವರ್ಷ. ಇಷ್ಟರೊಳಗೆ ಒಂದು ತಲೆಮಾರು ಬೆಳೆದು ದೊಡ್ಡದಾಗಿ, ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡಿ, ಅಜ್ಜಿಯ ಕಥೆಯನ್ನು ಮಾತ್ರ ಬೇರೆ ಭಾಷೆಯಲ್ಲಿ ಕೇಳಿತು.

ಆದುದರಿಂದ ನಮ್ಮದೊಂದು ವಿಜ್ಞಾಪನೆ. ಧಾರಾವಾಹಿಗಳನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ನೋಡಿರಿ, ಮೊದಲ ಕಂತುಗಳನ್ನು ಬಿಡದೆ ನೋಡಿರಿ. ಜೊತೆಗೆ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವನ್ನು ತೆಗೆದುಕೊಂಡು ಶಂತನುವಿನ ಭಾಗವನ್ನು ಮನೆಯಲ್ಲಿ ಮಕ್ಕಳಿಗೆ ಗಟ್ಟಿಯಾಗಿ ಓದಿಹೇಳಿರಿ. ಸರಳವಾದ ಗದ್ಯ, ಹದಿನೈದು ನಿಮಿಷ ಸಾಕು. ಕನ್ನಡ ಅಕ್ಷರ ಬಾರದ ಮಕ್ಕಳಿಗೂ ಕನ್ನಡ ಕಿವಿಗೆ ಬಿದ್ದೀತು. ಅಕ್ಷರ ಕಲಿಯಬೇಕೆಂಬ ಆಸೆ ಅಲ್ಲಿಂದಲೇ ಹುಟ್ಟಬಹುದು.