ಇಂಗ್ಲೆಂಡಿನ ಊರ ಚರ್ಚು

ಇಂಗ್ಲೆಂಡಿನ ಮಧ್ಯಯುಗದ ಊರ ಚರ್ಚು ದೂರದಿಂದ ನೋಡುವವರಿಗೆ ಒಂದೇ ಕಟ್ಟಡವೆಂದು ತೋರುತ್ತದೆ. ವಾಸ್ತವವಾಗಿ ಅದು ಎರಡು ಕಟ್ಟಡಗಳ ಕೂಟ. ಪೂರ್ವಕ್ಕೆ ಪೂಜಾವೇದಿಕೆಯಿರುವ ಭಾಗ ಚಾನ್ಸೆಲ್. ಪಶ್ಚಿಮಕ್ಕೆ ಜನರು ಕೂಡುವ ಭಾಗ ನೇವ್. ಮೊದಲನೆಯದು ಪಾದ್ರಿಯದು, ಎರಡನೆಯದು ಊರವರದು. ಈ ಭೇದವನ್ನು ನಾವು ಮನಸ್ಸಿನಲ್ಲಿಟ್ಟುಕೊಂಡರೆ ಚರ್ಚಿನ ರೂಪವು ಬಹುಮಟ್ಟಿಗೆ ತಾನಾಗಿಯೇ ಅರ್ಥವಾಗುತ್ತದೆ.

ಬೆಳೆಯ ದಶಮಾಂಶವನ್ನು ಪಡೆಯುವ ರೆಕ್ಟರನು ಚಾನ್ಸೆಲನ್ನು ದುರಸ್ತಿಯಲ್ಲಿಡಬೇಕು, ನೇವ್‌ನ ಭಾರ ಊರವರದು, ಎಂಬ ಕಟ್ಟಳೆಯು 13ನೆಯ ಶತಮಾನದ ಹೊತ್ತಿಗೆ ನೆಲೆಗೊಂಡಿತ್ತು. ಎಷ್ಟೋ ಊರುಗಳ ದಶಮಾಂಶ ದೂರದ ಮಠಗಳಿಗೆ ಸೇರುತ್ತಿತ್ತು. ಆದಕಾರಣ ಅನೇಕ ಕಡೆ ಚಾನ್ಸೆಲ್ ಹಳೆಯದಾಗಿ, ತಗ್ಗಾಗಿ ಉಳಿಯಿತು. ನೇವ್ ಊರಿನ ಐಶ್ವರ್ಯದೊಡನೆ ಬೆಳೆಯಿತು.

ಬೆಳೆದ ಕ್ರಮವು ಕುತೂಹಲಕರವಾದುದು. ನೇವ್‌ನ ಪಕ್ಕದ ಗೋಡೆಯಲ್ಲಿ ಕಮಾನುಗಳನ್ನು ತೆರೆದು, ಮೇಲಿನ ಭಾರವನ್ನು ಕಂಬಗಳಿಗೆ ಒಪ್ಪಿಸಿ, ಆಚೆಗೆ ಒಂದು ಪಕ್ಕಸಾಲೆಯನ್ನು ಕೂಡಿಸುವರು. ಹೀಗೆ ಅಗಲವಾದಂತೆಲ್ಲ ನಡುಭಾಗಕ್ಕೆ ಬೆಳಕು ಸಾಲದು. ಆಗ ನಡುವಿನ ಗೋಡೆಗಳನ್ನು ಪಕ್ಕಸಾಲೆಯ ಛಾವಣಿಗಿಂತ ಮೇಲಕ್ಕೆ ಎತ್ತಿ, ಅಲ್ಲಿ ಕಿಟಕಿಗಳ ಸಾಲನ್ನು ಇಡುವರು. ಸಫೋಕ್ ಪ್ರಾಂತದ ಲಾಂಗ್ ಮೆಲ್‌ಫರ್ಡಿನಲ್ಲಿ ಬಟ್ಟೆಯ ವ್ಯಾಪಾರದ ಹಣದಿಂದ 15ನೆಯ ಶತಮಾನದ ಕೊನೆಯಲ್ಲಿ ಎದ್ದ ಚರ್ಚು ಹೆಚ್ಚುಕಡಮೆ ಗಾಜಿನ ಗೋಡೆಯಂತಿದೆ. ದಾನಿಗಳ ಹೆಸರುಗಳನ್ನು ಹೇಳಿ, ಅವರಿಗಾಗಿ ಪ್ರಾರ್ಥಿಸಿರೆಂದು ಬೇಡುವ ಅಕ್ಷರಗಳನ್ನು ಅದರ ಹೊರಗೋಡೆಗಳಲ್ಲಿಯೇ ನಾವು ಓದಬಹುದು.

ಚಾನ್ಸೆಲಿಗೂ ನೇವಿಗೂ ನಡುವೆ ಮರದ ಜಾಲರಿತೆರೆಯೊಂದು ನಿಲ್ಲುತ್ತಿತ್ತು. ಅದರ ಮೇಲೆ ಒಂದು ಅಟ್ಟ, ಶಿಲುಬೆಗೇರಿದ ಕ್ರಿಸ್ತನ ಪ್ರತಿಮೆ. ಮತಸುಧಾರಣೆಯ ಕಾಲದಲ್ಲಿ ಪ್ರತಿಮೆಗಳು ಹೋದುವು. 1561ರಲ್ಲಿ ಎಲಿಜಬೆತ್ ರಾಣಿಯ ಆಜ್ಞೆ ಅಟ್ಟಗಳನ್ನು ಕೆಡವಿಸಿತು. ತೆರೆಯನ್ನು ಮಾತ್ರ ಉಳಿಸಬೇಕೆಂದಿತು. ನಾರ್ಫೋಕಿನ ರಾನ್‌ವರ್ತ್‌ನಲ್ಲಿ ಸಂತರ ಚಿತ್ರಗಳೊಡನೆ ಅಂಥ ತೆರೆಯೊಂದು ಇಂದಿಗೂ ಇದೆ.

ಎಲ್ಲೆಯು ಹೀಗೆ ಉಳಿದಂತೆ ಹೊಣೆಯೂ ಉಳಿಯಿತು. 1536ರಿಂದ 1540ರ ವರೆಗೆ ಮಠಗಳು ಮುಚ್ಚಿದಾಗ ರೆಕ್ಟರನ ಹಕ್ಕುಗಳು ಗೃಹಸ್ಥರ ಕೈಗೆ ಬಂದುವು. ಚಾನ್ಸೆಲಿನ ಹೊಣೆಯೂ ಅವುಗಳನ್ನು ಹಿಂಬಾಲಿಸಿತು. ವಾರಿಕ್‌ಷೈರಿನ ಆಸ್ಟನ್ ಕ್ಯಾಂಟ್ಲೋ ಎಂಬ ಊರಿನಲ್ಲಿ ಇಂಥ ಜಮೀನನ್ನು ಹೊಂದಿದ್ದ ದಂಪತಿಗಳು ಅಲ್ಲಿನ ಚಾನ್ಸೆಲಿನ ದುರಸ್ತಿಗೆ ಹಣ ತೆರಲೇಬೇಕೆಂದು 2003ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು ತೀರ್ಪಿತ್ತರು. ಮೊಬಲಗು 1,80,000 ಪೌಂಡುಗಳನ್ನು ಮೀರಿತು. ಆದುದರಿಂದ ಅಂಥ ಚರ್ಚಿನೆದುರು ನಿಂತಾಗ ನಾವು ಮೊದಲು ಗೋಪುರವನ್ನಲ್ಲ, ಎರಡು ಛಾವಣಿಗಳು ಕೂಡುವ ಎಡೆಯನ್ನು ನೋಡುವುದು ಮೇಲು. ಯಾರ ಹಣ ಎಲ್ಲಿಗೆ ನಿಂತಿತೆಂಬುದು ಅಲ್ಲಿ ತಿಳಿಯುತ್ತದೆ.