ಇನ್ನು ಮೂರು ಕದನಕ್ಕಾಗುವಷ್ಟು ತೋಟಾ

1915ರ ಜನವರಿ 18, ಮೊದಲ ಮಹಾಯುದ್ಧದ ಕಾಲ. ಹಿಂದೂ ಮಹಾಸಾಗರದ ಅಂಚಿನಲ್ಲಿ, ಜರ್ಮನ್ ಪೂರ್ವ ಆಫ್ರಿಕಾ ಮತ್ತು ಬ್ರಿಟಿಷ್ ಪೂರ್ವ ಆಫ್ರಿಕಾದ ಗಡಿಯಲ್ಲಿ ಜಾಸಿನ್ ಎಂಬ ಪುಟ್ಟ ಠಾಣ್ಯ. ಒಳಗಿದ್ದವರು ಮುನ್ನೂರು ಚಿಲ್ಲರೆ ಭಾರತೀಯ ಸಿಪಾಯಿಗಳು; ದಳಪತಿ ಕಾಶ್ಮೀರ ರೈಫಲ್ಸ್‌ನ ಕರ್ನಲ್ ರಘುಬೀರ್ ಸಿಂಗ್. ಸುತ್ತುವರಿದದ್ದು ಜರ್ಮನ್ ಸೇನಾಪತಿ ಲೆಟ್ಟೋ-ಫೋರ್ಬೆಕ್‌ನ ಒಂಬತ್ತು ಕಂಪನಿಗಳು. ಮರುದಿನ ಬೆಳಿಗ್ಗೆ ಬಿಳಿ ಬಾವುಟ ಮೇಲೇರಿತು. ಅಷ್ಟರಲ್ಲಿ ರಘುಬೀರ್ ಸಿಂಗ್ ಮಡಿದಿದ್ದರು, ತೋಟಾ ಬರಿದಾಗಿತ್ತು.

ಗೆದ್ದವನ ಲೆಕ್ಕ ಇನ್ನೂ ಭಯಂಕರ. ಹಾರಿಸಿದ ಗುಂಡು 2,00,000! ಒಳಗಿದ್ದ ಒಬ್ಬೊಬ್ಬನ ಪಾಲಿಗೂ ಆರುನೂರಕ್ಕಿಂತ ಹೆಚ್ಚು. ಅವನ ಕಸುಬುದಾರ ಸೇನಾಧಿಕಾರಿಗಳಲ್ಲಿ ಏಳರಲ್ಲೊಬ್ಬರು ಸತ್ತಿದ್ದರು, ಗುಂಡು ಸ್ವತಃ ಅವನ ತೋಳಿಗೂ ತಗುಲಿತ್ತು. ಸಮುದ್ರ ಬ್ರಿಟಿಷ್ ನೌಕಾಪಡೆಯ ಕೈಯಲ್ಲಿ. ಜರ್ಮನಿಯಿಂದ ಬರುವ ಸರಕು ದೇವರಿಟ್ಟ ಹಾಗೆ. ಇಂಥ ಕದನ ಹೆಚ್ಚೆಂದರೆ ಇನ್ನು ಮೂರು ಮಾಡಬಹುದೆಂದು ಅವನೇ ಬರೆದುಕೊಂಡ.

ಮೂರು ಕದನ ಎಂದರೆ 6 ಲಕ್ಷ ಗುಂಡು. ವಿಚಿತ್ರವೆಂದರೆ, ಎರಡೂವರೆ ತಿಂಗಳ ಹಿಂದೆ ಜರ್ಮನ್ ಪೂರ್ವ ಆಫ್ರಿಕಾದ ಟಾಂಗಾ ಬಂದರಿನಲ್ಲಿ ಸೋತು ಹಡಗು ಹತ್ತಿದ ಬ್ರಿಟಿಷರು ದಡದಲ್ಲಿ ಬಿಟ್ಟುಹೋದದ್ದೂ ಸುಮಾರು 6 ಲಕ್ಷ ತೋಟಾ, ಜೊತೆಗೆ 16 ಮೆಷಿನ್ ಗನ್. ಕಾಕತಾಳೀಯವೇ ಇರಬಹುದು. ಅಲ್ಲಿ ಇಳಿದಿದ್ದ ಎಂಟು ಸಾವಿರ ಮಂದಿಯಲ್ಲಿ ಒಂದು ದಳದ ಹೆಸರು ಬೆಂಗಳೂರು ಬ್ರಿಗೇಡ್.

ಲೆಟ್ಟೋ-ಫೋರ್ಬೆಕ್ ಕಾಯಬೇಕಿದ್ದ ನೆಲವಾದರೂ ಎಷ್ಟು? ಹತ್ತಿರ ಹತ್ತಿರ 10 ಲಕ್ಷ ಚದರ ಕಿಲೋಮೀಟರ್, ಐದು ಕರ್ನಾಟಕ! ಯುದ್ಧ ಶುರುವಾದಾಗ ಅದಕ್ಕಿದ್ದ ಸೇನೆ ಸುಮಾರು 2,500 ಅಸ್ಕಾರಿಗಳು (ಆಫ್ರಿಕನ್ ಸಿಪಾಯಿಗಳು), ಇನ್ನೂರು ಚಿಲ್ಲರೆ ಜರ್ಮನರು. ಜಾಸಿನ್ ಆದ ಮೇಲೆ ಅವನು ಮುಖಾಮುಖಿ ಕಾದುವುದನ್ನು ಆದಷ್ಟೂ ತಪ್ಪಿಸಿದ. ರೈಲುಹಳಿ ಸಿಡಿಸುವುದು, ಹೊಡೆದು ಓಡುವುದು, ಬೆನ್ನಟ್ಟಿದವರನ್ನು ಕಾಡಿನಲ್ಲಿ ಸುಸ್ತು ಮಾಡುವುದು. ಯುರೋಪಿನಲ್ಲಿ ಕದನವಿರಾಮವಾಗಿ ಎರಡು ವಾರದ ಬಳಿಕ, 1918ರ ನವೆಂಬರ್ 25ರಂದು ಅವನು ಶಸ್ತ್ರ ಕೆಳಗಿಟ್ಟಾಗ ಜೊತೆಗಿದ್ದವರು 155 ಜರ್ಮನರು, 1,168 ಅಸ್ಕಾರಿಗಳು.

ಸೇನಾಪತಿಯ ಚಾಣಾಕ್ಷತೆಯನ್ನು ಹೊಗಳುವ ಪುಸ್ತಕಗಳಿಗೆ ಲೆಕ್ಕವಿಲ್ಲ. ನನ್ನನ್ನು ಕಾಡುವುದು ಬೇರೊಂದು ಅಂಕಿ. ಲಾರಿ ಓಡದ, ಎತ್ತು ಕುದುರೆಗಳು ತ್ಸೆತ್ಸೆ ನೊಣಕ್ಕೆ ಬಲಿಯಾಗುವ ಆ ಸೀಮೆಯಲ್ಲಿ ಬ್ರಿಟಿಷರ ತೋಟಾ, ಹಿಟ್ಟು, ಔಷಧಿ ಎಲ್ಲವನ್ನೂ ಹೊತ್ತದ್ದು ಆಫ್ರಿಕನ್ ಕೂಲಿಗಳು. ಬ್ರಿಟಿಷರ ಕಡೆಯಲ್ಲೇ ಅವರಲ್ಲಿ ಸತ್ತವರು ಸುಮಾರು 95,000. ಬಹುಪಾಲು ಮಂದಿಯನ್ನು ಕೊಂದದ್ದು ಆಮಶಂಕೆ, ಮಲೇರಿಯಾ ಮತ್ತು ಹಸಿವು.